ಗೂಡಿನ ಕೆಮ್ಮು

ಮಾನ್ಯ ವಾಚಕ ಮಹಾಶಯರೇ, ಮಹಾಶಯೆಯರೇ! ಯಂತ್ರವು ಚಿಂತಿಸಬಲ್ಲುದೋ ಚಿಂತಿಸಲಾರದೋ ಎಂಬ ಗಹನವಾದ ಪ್ರಶ್ನೆಯನ್ನು ಪಂಡಿತೋತ್ತಮರು ಸಭೆ ಸಭೆಗಳಲ್ಲಿ ಮಥಿಸುತ್ತಿರುವ ಈ ಕಾಲದಲ್ಲಿ, ಅದೇ ಪ್ರಶ್ನೆಯು ಒಂದು ನಾಟಕ ಕಂಪನಿಯ ರಂಗದ ಅಂಚಿನಲ್ಲಿ, ಒಬ್ಬ ಮನುಷ್ಯ ಮಂಡಿ ಮಡಚಿ ಕೂರಬಹುದಾದಷ್ಟೇ ಅಗಲದ ಮರದ ಗೂಡಿನೊಳಗೆ ವಿಚಾರಣೆಗೆ ಬಂದ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆ ಬೇಡುತ್ತೇನೆ. ತೀರ್ಪು ಕೊಡತಕ್ಕವರು ತಾವು. ಸಾಕ್ಷ್ಯವೆಂದು ಒಪ್ಪಿಸಲು ಒಂದು ಕೆಮ್ಮಿನ ಹೊರತು ನನ್ನಲ್ಲಿ ಬೇರೇನೂ ಇಲ್ಲ.

ಆ ಗೂಡಿನ ಒಡೆಯನಿಗೆ ಹೆತ್ತವರು ಇಟ್ಟ ಹೆಸರು ಯಾವುದೆಂದು ಕಂಪನಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗೂಡಣ್ಣ. ಕಸುಬಿನಿಂದ ಪ್ರಾಂಪ್ಟರ್, ನಟರು ಮಾತು ಮರೆತಾಗ ಪ್ರೇಕ್ಷಕರಿಗೆ ಕೇಳದಂತೆ ಪಿಸುದನಿಯಲ್ಲಿ ಎತ್ತಿಕೊಡುವವನು. ರಂಗದ ಕೆಳಗಿನ ಏಣಿ ಹತ್ತಿ, ಕಮಾನು ಮುಚ್ಚಳದ ಆ ಗೂಡಿಗೆ ತಲೆ ತೂರಿಸಿ, ತಗಡಿನ ಮರೆಯಿದ್ದ ಪುಟ್ಟ ಬಲ್ಬಿನಡಿ ನಾಟಕದ ಪ್ರತಿಯನ್ನು ಬಿಚ್ಚಿಟ್ಟುಕೊಂಡನೆಂದರೆ, ಅವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ನಟರ ಪಾದಗಳು. ಲೋಕವನ್ನು ಅವನು ಪಾದಗಳಿಂದ ಅರಿತವನು. ಹೊಸ ಬೂಟು ಕಚ್ಚುತ್ತಿದೆಯೆಂದರೆ ರಾಜಾಪಾರ್ಟಿನವನು ಇಂದು ಎಲ್ಲರ ಮೇಲೂ ಹರಿಹಾಯುತ್ತಾನೆ. ಹೆಬ್ಬೆರಳು ನೆಲ ಕೆರೆಯುತ್ತಿದೆಯೆಂದರೆ ಹೊಸ ಹುಡುಗಿಗೆ ಅಳು ಬಂದಿದೆ.

ಮಾತು ಎತ್ತಿಕೊಡುವುದು ಸುಲಭ, ಎತ್ತಿಕೊಡದೆ ಇರುವುದೇ ಕಷ್ಟ ಎಂದು ಅವನು ಹೇಳುತ್ತಿದ್ದ. ನಟನೊಬ್ಬ ಸುಮ್ಮನೆ ನಿಂತಾಗ ಅವನು ಮರೆತಿರಬಹುದು. ಇಲ್ಲವೇ ಆ ಮೌನವನ್ನೇ ಅಭಿನಯಿಸುತ್ತಿರಬಹುದು. ಜೀವಂತ ಮೌನದೊಳಕ್ಕೆ ಮಾತು ತುರುಕುವುದು ಆ ಕಸುಬಿನ ಮಹಾಪಾಪ. ಪರದೆ ಬಿದ್ದ ಮೇಲೆ ಅಂಥ ಪಾಪಕ್ಕೆ ಚಪ್ಪಲಿಯೂ ಹಾರಿಬಂದದ್ದುಂಟು. ಇಷ್ಟೆಲ್ಲ ನಾಜೂಕಿದ್ದರೂ ಕಂಪನಿಯವರ ಕಣ್ಣಿಗೆ ಅದು ಕಲೆಯಲ್ಲ. "ಏನ್ ಗೂಡಣ್ಣ, ಇಷ್ಟೊಂದು ನಾಟಕ ತಲೇಲಿ ತುಂಬ್ಕೊಂಡಿದೀಯ, ಒಂದು ಮಾತಾದ್ರೂ ನಿಂದಾ? ಎಲ್ಲಾ ಬಾಯಿಪಾಠ!" ಎಂದು ರಾಜಾಪಾರ್ಟಿನವನು ಛೇಡಿಸುವನು. ಗೂಡಣ್ಣ ನಗುವನು. ಆ ಮಾತು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಊಟವಾದ ಮೇಲೂ ಕಾಡುವುದು.

ಕಂಪನಿಯ ಹಿರಿಯ ನಟಿ ಅವನ ಒಡಹುಟ್ಟಿದ ಅಕ್ಕ. ತಾಯಿ ತೀರಿಕೊಂಡ ಮೇಲೆ ಎಳೆಯ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕಂಪನಿ ಸೇರಿದವಳು. ಅವಳ ಬಿಗುಮಾನವೆಂದರೆ, ಗೂಡಿನಿಂದ ಒಂದೇ ಒಂದು ಮಾತನ್ನೂ ಎಂದೂ ಈಸಿಕೊಂಡವಳಲ್ಲ ಎಂಬುದು. ಹೊಸಬರಿಗೆ ಅದನ್ನೇ ಹೇಳಿ ಹೇಳಿ ಕಿವಿ ಹಿಂಡುವಳು. ಹೀಗಿರುವಾಗ ಕೆಲವು ವರ್ಷಗಳ ಕೆಳಗೆ, ತುಂಬಿದ ಸಭೆಯ ಮುಂದೆ, ನೂರಾರು ಸಲ ಆಡಿದ ಪಾತ್ರದ ನಡುವೆ ಅವಳು ತಟ್ಟನೆ ನಿಂತಳು. ಅಕ್ಕನಿಗೆ ಮಾತು ಎತ್ತಿಕೊಡುವುದೆಂದರೆ ನಾಲ್ಕು ಜನರ ಮುಂದೆ ಅವಳ ಕೈಗೆ ಊರುಗೋಲು ಕೊಟ್ಟಂತೆ. ಗಂಟಲ ಪಸೆ ಆರಿ ಗೂಡಣ್ಣನಿಗೆ ಬಂದದ್ದು ಬರೀ ಕೆಮ್ಮು. ಆ ಕೆಮ್ಮು ಕೇಳಿದ್ದೇ ಅಕ್ಕನ ಹಿಮ್ಮಡಿ ನೆಲಕ್ಕೆ ಊರಿತು, ಮಾತು ತಾನಾಗಿ ಹರಿಯಿತು.

ಅಂದಿನಿಂದ ಅದೇ ರೂಢಿಯಾಯಿತು. ಅಕ್ಕ ತಡವರಿಸುವಳು, ತಮ್ಮ ಕೆಮ್ಮುವನು, ಅಕ್ಕ ಮುಂದುವರಿಯುವಳು. ಕಳೆದುಹೋಗುತ್ತಿದ್ದುದು ಮಾತಲ್ಲ, ಅವಳೇ. ಕೆಮ್ಮು ಅವಳನ್ನು ಕೈಹಿಡಿದು ಮನೆಗೆ ತರುತ್ತಿತ್ತು. ಈ ವಿಷಯವಾಗಿ ಅವರಿಬ್ಬರೂ ತುಟಿ ಎರಡು ಮಾಡಿದ್ದಿಲ್ಲ. ಪ್ರೇಕ್ಷಕರು ಅದನ್ನು ಯಾರದೋ ಕೆಮ್ಮೆಂದುಕೊಂಡರು. ಕಂಪನಿಯವರು, ಗೂಡಿನ ಧೂಳಿಗೆ ಮುದುಕನ ಎದೆ ಕಟ್ಟಿದೆ ಎಂದುಕೊಂಡರು.

ಎದೆ ಗಟ್ಟಿಯಾಗಿಯೇ ಇತ್ತು. ಕೆಟ್ಟದ್ದು ಕಿವಿ. ಮೊದಲು ಎಡಗಿವಿ ಹೋಯಿತು. ಬಲಗಿವಿಯೂ ಅದೇ ದಾರಿ ಹಿಡಿಯಿತು. ಮೌನಕ್ಕೂ ಮಾತಿಗೂ ವ್ಯತ್ಯಾಸ ತಿಳಿಯದವನು ಪ್ರಾಂಪ್ಟರ್ ಆಗಿ ಇರುವುದು ಹೇಗೆ? ಕಂಪನಿಯ ಯಜಮಾನರು ಕಟುಕರಲ್ಲ. ಅವನನ್ನು ಹೊರಹಾಕುವ ಬದಲು ತಮ್ಮ ತಂಗಿಯ ಮಗಳನ್ನು ಕರೆಸಿದರು. ಕಂಪ್ಯೂಟರುಗಳಿಗೆ ಮಾತು ಕಲಿಸುವ ವಿದ್ಯೆ ಓದಿದ ಹುಡುಗಿ. ಹೋದಲ್ಲೆಲ್ಲ ಅವಳ ಹಿಂದೆ ವೈರುಗಳು ಹಾವಿನಂತೆ ಹರಿದಾಡುತ್ತಿದ್ದುದರಿಂದ ನಟರು ಅವಳಿಗೆ ವೈರಮ್ಮ ಎಂದು ಹೆಸರಿಟ್ಟರು. ಹಿಂದಿನ ಹಂಗಾಮಿನಲ್ಲಿ, ಬಲಗಿವಿಗೆ ಇನ್ನೂ ಸಾಕಷ್ಟು ಕೇಳುತ್ತಿದ್ದಾಗ, ಅವಳು ಗೂಡಿನೊಳಗೆ ಒಂದು ಮೈಕು ಇಟ್ಟು, ರಂಗದ ಮೇಲಿನ ಮಾತೆಲ್ಲವನ್ನೂ ಗೂಡಣ್ಣನ ಪಿಸುಮಾತೆಲ್ಲವನ್ನೂ ತನ್ನ ಯಂತ್ರಕ್ಕೆ ಕೇಳಿಸಿದಳು. ಈಗ ಆ ಯಂತ್ರ ಬಂದು ಗೂಡಿನಲ್ಲಿ ಕೂತಿತ್ತು: ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಮುಂದೊಂದು ಜಾಲರಿ ಮುಚ್ಚಿದ ಸ್ಪೀಕರು. ಅದು ಮಾತಾಡುತ್ತಿದ್ದುದು ಗೂಡಣ್ಣನದೇ ಪಿಸುದನಿಯಲ್ಲಿ. ಅದಕ್ಕೆ ಮರಿ ಎಂದು ಹೆಸರಾಯಿತು. ಹಂಗಾಮು ಮುಗಿಯುವವರೆಗೆ ಮರಿಯ ಪಕ್ಕದಲ್ಲಿ ಕೂರಲು ಯಜಮಾನರು ಗೂಡಣ್ಣನಿಗೆ ಅನುಮತಿ ಕೊಟ್ಟರು. ಅವನಿಗೆ ಅದರ ದನಿ ಕೇಳುತ್ತಿರಲಿಲ್ಲ. ಜಾಲರಿಯ ಮೇಲೆ ಬೆರಳಿಟ್ಟು, ಅದರ ಕಂಪನದಿಂದ ಮಾತನ್ನು ತಿಳಿಯುವುದನ್ನು ಎರಡೇ ತಾಲೀಮಿನಲ್ಲಿ ಕಲಿತುಬಿಟ್ಟ.

ಹೊಸ ನಾಟಕ ದೀಪಸ್ತಂಭವೊಂದರ ಕಥೆ. ಕಾವಲಿಗಿದ್ದ ಮಗ ನಿದ್ದೆಹೋಗಿ ದೀಪ ಆರುತ್ತದೆ, ಹಡಗು ಬಂಡೆಗೆ ಬಡಿದು ಒಡೆಯುತ್ತದೆ. ಕೊನೆಯ ಅಂಕದಲ್ಲಿ ತಾಯಿ ನ್ಯಾಯಾಲಯದಲ್ಲಿ ನಿಂತು ಆ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತಾಳೆ. ತಾಯಿಯ ಪಾತ್ರ ಅಕ್ಕನದು.

ಮರಿ ಕೂತ ಮೊದಲ ಪೂರ್ಣ ತಾಲೀಮು. ಎರಡನೆಯ ಅಂಕದಲ್ಲಿ ಅಕ್ಕ, "ಕಡಲಿಗೆ ಕಣ್ಣಿಲ್ಲ ಮಗನೇ, ಅದಕ್ಕೇ ನಾವು…" ಎನ್ನುತ್ತಿದ್ದಂತೆ ಗೂಡಿನಿಂದ ಸ್ಫುಟವಾಗಿ ಬಂತು: "ಖ್ಹು… ಖ್ಹು."

"…ಅದಕ್ಕೇ ನಾವು ಅದರ ಕಣ್ಣಾಗಿರೋದು" ಎಂದು ಅಕ್ಕ ಮುಗಿಸಿದಳು.

ಎಲ್ಲರ ಕಣ್ಣೂ ಗೂಡಿನ ಮೇಲೆ. ಬೆರಳ ತುದಿಯಲ್ಲಿ ಆ ನಡುಕವನ್ನು ಅರಿತಿದ್ದ ಗೂಡಣ್ಣ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಎರಡೂ ಕೈ ಮೇಲೆತ್ತಿ, "ನಾನಲ್ಲಪ್ಪಾ!" ಎಂದ.

ನಗೆಯ ಕಟ್ಟೆ ಒಡೆಯಿತು. "ವೈರಮ್ಮಾ, ನಿನ್ನ ಮರಿಗೆ ಶೀತ ಆಗಿದೆ ಕಣಮ್ಮ, ಬಿಸಿನೀರು ಕುಡಿಸು!" ಎಂದು ರಾಜಾಪಾರ್ಟಿನವನು ಹೊಟ್ಟೆ ಹಿಡಿದುಕೊಂಡ.

"ಗಂಟಲೇ ಇಲ್ಲದ್ದಕ್ಕೆ ಕೆಮ್ಮು ಎಲ್ಲಿಂದ ಬಂತೇ?" ಎಂದು ಯಜಮಾನರು ಕೇಳಿದರು.

ಹುಡುಗಿಯ ಮುಖ ಕೆಂಪಾಗಿತ್ತು. "ಗೂಡಣ್ಣ ಕೆಮ್ಮಿದ್ದನ್ನೂ ಪ್ರಾಂಪ್ಟ್ ಅಂದ್ಕೊಂಡು ಕಲ್ತುಬಿಟ್ಟಿದೆ ಮಾವ. ಕಸ. ನಾನು ಮೊದಲೇ ಗುಡಿಸ್ಬೇಕಿತ್ತು. ಇವತ್ತೇ ತೆಗೆದುಹಾಕ್ತೀನಿ."

ಯಾರೋ ಆ ಮಾತನ್ನು ಗೂಡಣ್ಣನ ಬಲಗಿವಿಗೆ ಕೂಗಿ ಮುಟ್ಟಿಸಿದರು. ಅವನ ಮುಖದ ನಗೆ ಅಲ್ಲೇ ಹೆಪ್ಪುಗಟ್ಟಿತು. ಅದು ಕಸವಲ್ಲ ಎನ್ನಬೇಕು. ಎಂದರೆ ಮತ್ತೇನು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಿದರೆ ಅಕ್ಕನಿಗೆ ಮರೆವು ಹತ್ತಿದೆಯೆಂದು, ಅದೂ ಇಷ್ಟು ವರ್ಷಗಳಿಂದ ಹತ್ತಿದೆಯೆಂದು ಡಂಗುರ ಸಾರಿದಂತೆ. ಹೇಳದಿದ್ದರೆ, ಕೆಮ್ಮಿಲ್ಲದ ರಂಗದ ಮೇಲೆ ಅಕ್ಕ ಒಂಟಿ. ತಾನೇ ಕೆಮ್ಮೋಣವೆಂದರೆ ಅವಳು ತಡವರಿಸುವುದು ಈ ಕಿವಿಗೆ ಕೇಳಬೇಕಲ್ಲ? ಅವನು ಅಕ್ಕನ ಪಾದಗಳನ್ನು ನೋಡಿದ. ಬೆರಳುಗಳು ಒಳಕ್ಕೆ ಮುದುರಿಕೊಂಡಿದ್ದವು. ಅವನು ಪ್ರತಿಯನ್ನು ಮಡಚಿಟ್ಟ.

ಮರುದಿನ ಬೆಳಗಿನ ತಾಲೀಮಿನಲ್ಲಿ ಮರಿಗೆ ಕೆಮ್ಮು ವಾಸಿಯಾಗಿತ್ತು. ಅದೇ ಎರಡನೆಯ ಅಂಕ. ಅಕ್ಕ ನಿಂತಳು. ಮರಿ ತಡಮಾಡದೆ, ಗೂಡಣ್ಣನದೇ ಪಿಸುದನಿಯಲ್ಲಿ, ಮುಂದಿನ ಮಾತನ್ನು ಅಚ್ಚುಕಟ್ಟಾಗಿ ಎತ್ತಿಕೊಟ್ಟಿತು.

ಅಕ್ಕ ಬಾಗಿ ಗೂಡಿನೊಳಕ್ಕೆ ನೋಡಿದಳು. "ಯಾರನ್ನ ಕೇಳಿ ಕೊಟ್ಟೆಯೋ ಮಾತು? ನಾನು ಬೇಡಿದ್ನಾ?" ಎಂದು ತಮ್ಮನ ಮೇಲೆ ಕಿಡಿಕಾರಿದಳು. ಅವಳ ಮಾತು ಕೇಳಿಸದೆ ಅವನು ಕಣ್ಣು ಪಿಳಿಪಿಳಿ ಬಿಟ್ಟ. ಅಲ್ಲಿಂದ ಮುಂದೆ ಅವಳ ಮಾತಿನ ದಾರ ಕಿತ್ತುಹೋಯಿತು. ಎರಡನೆಯ ಅಂಕದಲ್ಲಿ ಮೊದಲನೆಯ ಅಂಕದ ಮಾತು ಬಂತು. ಮಗನ ಪಾತ್ರದವನನ್ನು ಬೇರೊಂದು ನಾಟಕದ ಹೆಸರಿನಿಂದ ಕರೆದಳು. ಮರಿ ಒಂದೊಂದನ್ನೂ ತಿದ್ದುತ್ತ ಹೋಯಿತು. ತಿದ್ದಿದಷ್ಟೂ ಅವಳು ದಾರಿ ತಪ್ಪಿದಳು. ಕೊನೆಗೆ ರಂಗದ ನಡುವಿನ ಕುರ್ಚಿಯ ಮೇಲೆ ಕುಸಿದು ಕೂತಳು. ಈ ಸಲ ಯಾರೂ ನಗಲಿಲ್ಲ.

ಯಜಮಾನರು ಎಲ್ಲರನ್ನೂ ಚಹಾಕ್ಕೆ ಕಳಿಸಿ, ಒಂದು ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತರು. "ಅಕ್ಕಾವ್ರೇ, ನಿಮ್ಮ ಮುಂದೆ ನಾನು ಚಡ್ಡಿ ಹಾಕ್ಕೊಂಡು ಓಡಾಡಿದವನು. ಹೇಳಕ್ಕೆ ಬಾಯಿ ಬರಲ್ಲ ನನಗೆ. ಆದ್ರೆ ನಾಳೆ ಸಂಜೆ ಮೊದಲನೇ ಆಟ…"

"ಹೇಳಪ್ಪಾ, ಹೇಳು. ನುಂಗಬೇಡ."

"ಸೊಸೆ ಪಾರ್ಟಿನ ಹುಡುಗಿ ನಿಮ್ಮ ಮಾತೆಲ್ಲಾ ಕಲ್ತಿದಾಳೆ. ನಾಳೆ ಆಟ ನಿಮ್ದೇ. ನಾಳೆ ಹೀಗೇನಾದ್ರೂ ಆದ್ರೆ, ನಾಳಿದ್ದಿಂದ ತಾಯಿ ಪಾರ್ಟು ಅವಳಿಗೆ ಕೊಡ್ತೀನಿ. ನೀವು ಹುಡುಗರಿಗೆ ಪಾಠ ಹೇಳ್ಕೊಂಡು ಆರಾಮಾಗಿ ಇರಿ."

"ಆರಾಮಾಗಿ" ಎಂದು ಅಕ್ಕ ಆ ಪದವನ್ನು ತಿರುಗಿ ಹೇಳಿ, ನಕ್ಕು, ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದುಹೋದಳು. ಗೂಡಿನಿಂದ ಗೂಡಣ್ಣನಿಗೆ ಆ ಮಾತುಕತೆ ಕೇಳಿಸಲಿಲ್ಲ. ಅವಳ ನಡಿಗೆ ಮಾತ್ರ ಕಾಣಿಸಿತು. ರಾಣಿಯಂತೆ ರಂಗ ದಾಟುತ್ತಿದ್ದವಳು ಆ ದಿನ ಪಕ್ಕದ ಪರದೆಯನ್ನು ಹಿಡಿದುಕೊಂಡು ಹೋದಳು. ಅಷ್ಟು ಸಾಕಾಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ವೈರಮ್ಮ ಗೂಡಿನ ಕೆಳಗಿನ ನೆಲದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಹಲ್ಲಿನಲ್ಲಿ ಸ್ಕ್ರೂಡ್ರೈವರು ಕಚ್ಚಿಕೊಂಡಿದ್ದಳು. ಗೂಡಣ್ಣ ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತ.

"ಮಗೂ, ಆ ಕೆಮ್ಮನ್ನ ವಾಪಸ್ ಹಾಕು."

"ಹಾಂ?"

"ಕಿವುಡ ನಾನು. ನೀನ್ಯಾಕೆ ಹಾಂ ಅಂತೀಯ?"

ಹುಡುಗಿ ಸ್ಕ್ರೂಡ್ರೈವರು ತೆಗೆದು, ಅವನ ಬಲಗಿವಿಗೆ ಬಾಯಿ ತಂದಳು. "ಯಾಕೆ ಗೂಡಣ್ಣ?"

ಅವನು ಹೇಳಿದ. ಇಷ್ಟು ವರ್ಷ ಯಾರ ಮುಂದೆಯೂ ಬಿಚ್ಚದಿದ್ದ ಗಂಟನ್ನು ಆ ಧೂಳಿನಲ್ಲಿ, ಹಳೆಯ ವಾರ್ನಿಷಿನ ವಾಸನೆಯ ನಡುವೆ ಬಿಚ್ಚಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಕಾಲಿನ ಚಪ್ಪಲಿಯನ್ನೇ ನೋಡಿದ. "ಅಕ್ಕ ನಿಲ್ಲಿಸ್ತಾಳೆ, ನಾನು ಕೆಮ್ತೀನಿ. ಅಷ್ಟೇ. ಅದೇ ಅವಳ ಊರುಗೋಲು. ನೀನು ಅದನ್ನ ಕಸ ಅಂತ ಗುಡಿಸಿಬಿಟ್ಟೆ. ನಿನ್ನದೇನೂ ತಪ್ಪಿಲ್ಲ. ನಾನು ಹೇಳ್ಬೇಕಿತ್ತು."

ಹುಡುಗಿ ಲ್ಯಾಪ್‌ಟಾಪಿನಲ್ಲಿ ಏನನ್ನೋ ಹುಡುಕಿ ತೆಗೆದಳು. ಆಮೇಲೆ, "ಅಕ್ಕಾವ್ರು ನಿಲ್ಲಿಸಿದ್ಮೇಲೆ ನೀವು ಕೆಮ್ಮೋದಾ?" ಎಂದು ಕೇಳಿದಳು.

"ಮತ್ತೆ? ಮೊದಲೇ ಕೆಮ್ಮಕ್ಕೆ ನನಗೇನು ಕನಸು ಬೀಳತ್ತಾ?"

ಅವಳು ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದಳು. ಪರದೆಯ ಮೇಲೆ ಹಸಿರು ಗೆರೆಯೊಂದು ಏಳುತ್ತ ಬೀಳುತ್ತ ಸಾಗಿತ್ತು. "ಇದು ಹೋದ ಹಂಗಾಮಿನ ಆಟ. ಈ ಗುಡ್ಡಗಳೆಲ್ಲಾ ಅಕ್ಕಾವ್ರ ದನಿ. ಈ ಬಯಲು ಇದೆಯಲ್ಲ, ಅದು ಅವರು ನಿಲ್ಲಿಸಿದ್ದು. ಈಗ ಈ ಎರಡು ಮೊನೆ ನೋಡಿ. ಅದು ನಿಮ್ಮ ಕೆಮ್ಮು. ಎಲ್ಲಿದೆ ಹೇಳಿ?"

ಗೂಡಣ್ಣ ಕನ್ನಡಕ ಸರಿಮಾಡಿಕೊಂಡ. ಎರಡು ಮೊನೆಗಳು ಬಯಲಿನಲ್ಲಿ ಇರಲಿಲ್ಲ. ಬಯಲಿಗಿಂತ ಮುಂಚೆ, ಕೊನೆಯ ಗುಡ್ಡದ ಇಳಿಜಾರಿನ ಮೇಲೇ ನಿಂತಿದ್ದವು.

"ಇನ್ನೊಂದು ತೋರ್ಸು."

ತೋರಿಸಿದಳು. ಅಲ್ಲೂ ಹಾಗೆಯೇ. ಬೇರೆ ಊರಿನ, ಬೇರೆ ನಾಟಕದ ಗೆರೆಯಲ್ಲೂ ಹಾಗೆಯೇ. ಅಕ್ಕ ನಿಲ್ಲುವ ಮೊದಲೇ, ಅವಳು ನಿಲ್ಲುತ್ತಾಳೆಂದು ಅವಳಿಗೇ ತಿಳಿಯುವ ಮೊದಲೇ, ಅವನು ಕೆಮ್ಮಿದ್ದ.

"ಸುಳ್ಳು" ಎಂದ ಗೂಡಣ್ಣ. ದನಿಯಲ್ಲಿ ಬಲವಿರಲಿಲ್ಲ.

"ಹೇಗೆ ಗೊತ್ತಾಗ್ತಿತ್ತು ನಿಮಗೆ?"

"ನನಗೆ ಗೊತ್ತಾಗ್ತಿತ್ತು ಅನ್ನೋದೇ ನನಗೆ ಗೊತ್ತಿರ್ಲಿಲ್ಲವಲ್ಲಮ್ಮಾ!"

"ಮರಿಗೂ ಗೊತ್ತಾಗತ್ತೆ. ನಿನ್ನೆ ಅದೂ ಮೊದಲೇ ಕೆಮ್ಮಿತ್ತು. ನಾನು ಅದನ್ನೇ ದೊಡ್ಡ ದೋಷ ಅಂದ್ಕೊಂಡೆ. ಅಕ್ಕಾವ್ರು ಮಾತಾಡ್ತಾನೇ ಇರುವಾಗ ಯಾಕೆ ಕೆಮ್ಮತ್ತೆ ಇದು ಅಂತ."

ಗೂಡಣ್ಣ ತಲೆಯ ಮೇಲಿನ ಪೆಟ್ಟಿಗೆಯನ್ನು ಕತ್ತೆತ್ತಿ ನೋಡಿದ. "ಒಂದು ಮಾತು ಕೇಳ್ತೀನಿ. ನಗಬಾರ್ದು. ಇದು ಯೋಚನೆ ಮಾಡುತ್ತಾ?"

"ಇಲ್ಲ ಗೂಡಣ್ಣ. ಇಷ್ಟು ಮಾತಾದ್ಮೇಲೆ ಮುಂದೆ ಏನು ಬರಬಹುದು ಅಂತ ಅಂದಾಜು ಹಾಕತ್ತೆ. ಅಷ್ಟೇ."

ಗೂಡಣ್ಣ ನಗತೊಡಗಿದ. ನಗುತ್ತ ನಗುತ್ತ ಏಣಿಯ ಕಂಬ ಹಿಡಿದುಕೊಂಡ. "ಅಷ್ಟೇನಾ? ಜನ್ಮವಿಡೀ ನಾನು ಮಾಡಿದ್ದೂ ಅಷ್ಟೇ ಕಣೇ! ಇಷ್ಟು ಮಾತಾದ್ಮೇಲೆ ಮುಂದೆ ಏನು ಬರಬೇಕು ಅಂತ ಕಾಯೋದು. ಹಾಗಾದ್ರೆ ನಾನೂ ಯೋಚನೆ ಮಾಡಿಲ್ಲ ಅನ್ನು."

"ಛೆ, ನೀವು ಬೇರೆ. ನಿಮಗೆ ಅಕ್ಕಾವ್ರ ಮೇಲೆ ಪ್ರೀತಿ ಇದೆ. ಅದಕ್ಕೇ ಕೆಮ್ಮಿದ್ರಿ. ಇದು ಯಾಕೆ ಕೆಮ್ಮತ್ತೆ ಅಂತ ಇದಕ್ಕೇ ಗೊತ್ತಿಲ್ಲ."

"ನಾನು ಯಾವಾಗ ಕೆಮ್ತಿದ್ದೆ ಅಂತ ನನಗೂ ಗೊತ್ತಿರ್ಲಿಲ್ಲವಲ್ಲ."

"ಅದು ಬೇರೆ, ಇದು ಬೇರೆ."

"ಹೇಗೆ ಬೇರೆ?"

ಹುಡುಗಿ ತಲೆ ಕೆರೆದುಕೊಂಡಳು. "ನಮ್ಮ ಮೇಷ್ಟ್ರಿಗೆ ಇದೇ ಪ್ರಶ್ನೆ ಕೇಳಿದ್ದೆ. ಅವರೂ ಹೀಗೇ ತಲೆ ಕೆರೆದ್ಕೊಂಡ್ರು."

"ಹೋಗ್ಲಿ ಬಿಡು. ಇದು ಬಾಯಿಪಾಠದ ಗಿರಾಕಿ, ಸ್ವಂತದ್ದು ಏನೂ ಇಲ್ಲ ಅಂತ ನಿನ್ನ ಜನ ಹೇಳ್ತಾರಲ್ಲ, ನಮ್ಮ ರಾಜಾಪಾರ್ಟಿನವನು ನನಗೂ ಅದನ್ನೇ ಹೇಳ್ತಾನೆ. ಅದಕ್ಕೇ ಪಾಪ ಅನ್ಸತ್ತೆ ನನಗೆ." ಅವನು ಎದ್ದು ಕೈ ಚಾಚಿ ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. "ಹಾಕ್ತೀಯಾ ಕೆಮ್ಮನ್ನ?"

"ಹಾಕ್ತೀನಿ. ಆದ್ರೆ ಮಾವ ಕೇಳಿದ್ರೆ ನಾನು ಸುಳ್ಳು ಹೇಳಲ್ಲ."

"ಕೇಳದೇ ಹೋದ್ರೆ?"

"ಕೇಳದೇ ಹೋದ್ರೆ ನಾನೇ ಹೋಗಿ ಹೇಳಕ್ಕೆ ನನಗೇನು ತಲೆ ಕೆಟ್ಟಿದೆಯಾ?"

ಮರುದಿನ ಸಂಜೆ ಸಭಾಂಗಣ ತುಂಬಿ ತುಳುಕಿತು. ಗೂಡಣ್ಣ ಬಲ್ಬು ಹೊತ್ತಿಸಿ, ಪ್ರತಿಯನ್ನು ಬಿಚ್ಚಿ, ಎಡಗೈಯ ತೋರುಬೆರಳನ್ನು ಜಾಲರಿಯ ಮೇಲಿಟ್ಟು ಕೂತ. ಪರದೆ ಎದ್ದಿತು. ಅವನ ಪಾಲಿಗೆ ನಾಟಕವೆಂದರೆ ಈಗ ಪಾದಗಳ ಓಡಾಟ, ಗಲ್ಲಗಳ ಅಲುಗಾಟ, ಬೆರಳ ತುದಿಯ ನಡುಕ, ಅಷ್ಟೇ. ಮೊದಲನೆಯ ಅಂಕದಲ್ಲಿ ಜಾಲರಿ ಒಮ್ಮೆ ನಡುಗಿತು. ಎರಡು ಪುಟ್ಟ ನಡುಕ, ಅವನಿಗೆ ಚಿರಪರಿಚಿತವಾದವು. ಅಕ್ಕನ ಪಾದ ಅಲುಗಲೂ ಇಲ್ಲ, ಗಲ್ಲ ಆಡುತ್ತಲೇ ಇತ್ತು. ಎರಡನೆಯ ಅಂಕದಲ್ಲಿ ಮತ್ತೊಮ್ಮೆ. ಆಗಲೂ ಅವಳು ಪಾರಾದಳು. ಗೂಡಣ್ಣನಿಗೆ ಮರಿಯನ್ನು ಎತ್ತಿ ಮುದ್ದಾಡುವಷ್ಟು ಸಂತೋಷವಾಯಿತು.

ಕೊನೆಯ ಅಂಕ. ನ್ಯಾಯಾಧೀಶನ ಬೂಟುಗಳು ಬಲಕ್ಕೆ, ತಲೆತಗ್ಗಿಸಿದ ಮಗನ ಬರಿಗಾಲು ಎಡಕ್ಕೆ, ನಡುವೆ ಅಕ್ಕ. ನ್ಯಾಯಾಧೀಶ ಕೇಳಬೇಕು: "ಆ ದೀಪ ಆರಿಸಿದವರು ಯಾರು?" ಅಕ್ಕ ಹೇಳಬೇಕು: "ನಾನು." ಪ್ರತಿಯಲ್ಲಿ ಆ ಪ್ರಶ್ನೆಗೂ ಈ ಉತ್ತರಕ್ಕೂ ನಡುವೆ ಕೂದಲೆಳೆಯಷ್ಟೂ ತೆರಪಿಲ್ಲ. ಯಾವ ತಾಲೀಮಿನಲ್ಲೂ ಅಕ್ಕ ಅಲ್ಲಿ ತಡವರಿಸಿದವಳಲ್ಲ.

ನ್ಯಾಯಾಧೀಶನ ಗಲ್ಲ ಆಡಿತು, ನಿಂತಿತು. ಅಕ್ಕನ ಗಲ್ಲ ಆಡಲಿಲ್ಲ.

ಗೂಡಣ್ಣ ಬೆರಳನ್ನು ಜಾಲರಿಗೆ ಒತ್ತಿದ. ಏನೂ ಇಲ್ಲ. ಮರಿ ಸತ್ತುಹೋಯಿತೇ? ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಅಕ್ಕನ ಪಾದಗಳು ನೆಟ್ಟಂತೆ ನಿಂತಿದ್ದವು. ನ್ಯಾಯಾಧೀಶನ ಬೂಟಿನ ತುದಿ ಗಾಬರಿಯಿಂದ ಅತ್ತಿತ್ತ ತಿರುಗಿತು. ಪಕ್ಕದ ಪರದೆಯ ಅಂಚಿನಲ್ಲಿ ಯಜಮಾನರ ಚಪ್ಪಲಿ ಒಂದು ಹೆಜ್ಜೆ ಮುಂದಕ್ಕೆ ಬಂತು. ಅದರ ಹಿಂದೆ, ಸೊಸೆ ಪಾರ್ಟಿನ ಹುಡುಗಿಯ ಗೆಜ್ಜೆಯಿಲ್ಲದ ಪಾದಗಳು. ಗೂಡಣ್ಣನ ಕೆಮ್ಮು ಎದೆಯಿಂದೆದ್ದು ಗಂಟಲಿಗೆ ಬಂದು ಕೂತಿತು; ಬಾಯಿ ತೆರೆದರೆ ಸಾಕು.

ಆದರೆ ಒಂದು ಯೋಚನೆ ಅವನನ್ನು ತಡೆಯಿತು. ಇಂದು ತನಗೆ ಕೇಳುತ್ತಿಲ್ಲ, ಇದಕ್ಕೆ ಕೇಳುತ್ತಿದೆ. ಕಿವಿಯಿದ್ದ ಕಾಲದ ತಾನೇ ಈ ಪೆಟ್ಟಿಗೆಯಲ್ಲಿ ಕೂತಿದ್ದೇನೆ ಎಂದಿಟ್ಟುಕೊಂಡರೆ, ಆ ತಾನು ಈಗ ಸುಮ್ಮನಿದ್ದಾನೆ. ಸುಮ್ಮನಿರುವುದು ಕಷ್ಟದ ಕೆಲಸವೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದವನು, ಅದು ಸುಮ್ಮನಿದ್ದ ಮಾತ್ರಕ್ಕೆ ಕೆಟ್ಟುನಿಂತಿದೆ ಎನ್ನುವುದೇ? ಈಗ ತಾನು ಕೆಮ್ಮಿದರೆ, ರಾಜಾಪಾರ್ಟಿನವನು ತನಗೆ ಅಂದದ್ದನ್ನೇ ತಾನು ಇದಕ್ಕೆ ಅಂದಂತೆ.

ಅವನು ಹಲ್ಲು ಕಚ್ಚಿ ಕೆಮ್ಮನ್ನು ನುಂಗಿದ. ಕಣ್ಣಲ್ಲಿ ನೀರು ಬಂತು.

ಅಕ್ಕನ ಬಲಗಾಲು ನಿಧಾನವಾಗಿ ಎದ್ದು, ಮಗನ ಬರಿಗಾಲಿಗೂ ನ್ಯಾಯಾಧೀಶನ ಬೂಟಿಗೂ ನಡುವೆ ಊರಿತು. ಗಲ್ಲ ಆಡಿತು. ಒಂದೇ ಪದ.

ಆಮೇಲೆ ಗೂಡಿನ ಮರದ ಹಲಗೆಗಳು ನಡುಗತೊಡಗಿದವು. ಸಿಡಿಲೇ ಇರಬೇಕೆಂದುಕೊಂಡ ಗೂಡಣ್ಣ. ಅದು ಚಪ್ಪಾಳೆ.

ಬಣ್ಣದ ಕೋಣೆಯಲ್ಲಿ ಅಕ್ಕ ಕನ್ನಡಿಯ ಮುಂದೆ ಕೂತು ಎಣ್ಣೆ ಹಚ್ಚಿದ ಹತ್ತಿಯಿಂದ ಮುಖದ ಸುಕ್ಕುಗಳನ್ನು ಒರೆಸುತ್ತಿದ್ದಳು. ಬಣ್ಣದ ಸುಕ್ಕು ಹೋಗಿ ಕೆಳಗಿನ ನಿಜದ ಸುಕ್ಕು ಕಾಣುತ್ತಿತ್ತು. ಗೂಡಣ್ಣ ಬಂದು ಪಕ್ಕದ ಟ್ರಂಕಿನ ಮೇಲೆ ಕೂತು ಬಲಗಿವಿಯನ್ನು ಅವಳ ಕಡೆಗೆ ತಿರುಗಿಸಿದ. ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿಬಿಟ್ಟ. "ಅಲ್ಲಿ ಮರೆತಿದ್ಯಾ ಅಕ್ಕಾ?"

ಅವಳ ಕೈಯ ಹತ್ತಿ ನಿಂತಿತು. ಕನ್ನಡಿಯಲ್ಲೇ ಅವನನ್ನು ನೋಡಿದಳು. "ಗೊತ್ತಿಲ್ಲ ಕಣೋ. ಅವನು ಪ್ರಶ್ನೆ ಕೇಳಿದ. ಆ ಹುಡುಗನ ಬಗ್ಗಿದ ಕತ್ತು ನೋಡಿದೆ. ನೀನು ಚಿಕ್ಕವನಿದ್ದಾಗ ಹಾಗೇ ಕತ್ತು ಬಗ್ಗಿಸ್ತಿದ್ದೆ. ನೋಡ್ತಾ ನಿಂತುಬಿಟ್ಟೆ. ಆಮೇಲೆ ಹೆದರಿಕೆ ಆಯ್ತು. ಮರೆತೆನಾ? ಕೆಮ್ಮು ಬರತ್ತೆ ಅಂತ ಕಾದೆ. ಬರ್ಲಿಲ್ಲ."

"ಬರ್ಲಿಲ್ಲ."

"ಬರ್ಲಿಲ್ಲ ಅಂದ್ರೆ ನಾನು ಮರೆತಿಲ್ಲ ಅಂತ ಅರ್ಥ ಅಲ್ವಾ? ಗೂಡಿನಲ್ಲಿರೋನಿಗೆ ಗೊತ್ತು ನನಗೆ ಮಾತು ಗೊತ್ತಿದೆ ಅಂತ. ಹಾಗಂದ್ಕೊಂಡೆ. ನೋಡಿದ್ರೆ, ಗೊತ್ತಿತ್ತು."

ಅವಳು ಮತ್ತೆ ಹತ್ತಿ ಎತ್ತಿಕೊಂಡಳು. "ನಿನಗೆ ನಾಯಿಕೆಮ್ಮು ಬಂದಿತ್ತು, ನೆನಪಿಲ್ಲ ನಿನಗೆ. ಪಕ್ಕದ ಪರದೆ ಹಿಂದೆ ಕಂಬಳಿ ಹಾಸಿ ಮಲಗಿಸಿ ನಾನು ರಂಗಕ್ಕೆ ಹೋಗ್ತಿದ್ದೆ. ಬಾಯಿ ಮಾತಾಡ್ತಿತ್ತು, ಕಿವಿ ನಿನ್ನ ಹತ್ರ. ಕೆಮ್ಮು ಕೇಳಿದ್ರೆ, ಸದ್ಯ, ಅಲ್ಲೇ ಇದಾನೆ ಅಂತ ಜೀವ ಬರ್ತಿತ್ತು. ಆ ಅಭ್ಯಾಸ ಕಣೋ ಇದು. ಮುದುಕನಾದ ಮೇಲೂ ಬಿಡ್ಲಿಲ್ಲ ನೀನು."

ಗೂಡಣ್ಣನಿಗೆ ಅರ್ಧ ಕೇಳಿಸಿತು, ಅರ್ಧ ಅವಳ ತುಟಿಯಿಂದ ತಿಳಿಯಿತು. ಉಳಿದದ್ದಕ್ಕೆ ಕಿವಿ ಬೇಕಿರಲಿಲ್ಲ.

ಆಗ ವೈರಮ್ಮ ಏದುಸಿರು ಬಿಡುತ್ತ ಒಳಗೆ ಬಂದಳು. "ಮರಿ ಅಲ್ಲಿ ಪ್ರಾಂಪ್ಟ್ ಮಾಡ್ಬೇಕಿತ್ತು! ಅಷ್ಟು ಉದ್ದ ಮೌನ ಅದು ಆ ಜಾಗದಲ್ಲಿ ಕೇಳೇ ಇಲ್ಲ. ಕೆಮ್ಮಾದ್ರೂ ಬೇಕಿತ್ತು, ಮಾತಾದ್ರೂ ಬೇಕಿತ್ತು. ಯಾಕೆ ಸುಮ್ಮನಿತ್ತೋ ನನಗಂತೂ ಅರ್ಥ ಆಗ್ತಿಲ್ಲ. ಅಕ್ಕಾವ್ರ ಉಸಿರು ಕೇಳಿ ಗೊತ್ತಾಯ್ತೋ ಏನೋ. ಇಲ್ಲಾ ಸುಮ್ನೆ ಅದೃಷ್ಟ."

"ಕೇಳ್ಬಹುದಲ್ಲ ಅದನ್ನೇ?" ಎಂದಳು ಅಕ್ಕ.

"ಕೇಳಿದ್ರೆ ಏನೋ ಒಂದು ಕಾರಣ ಹೇಳತ್ತೆ. ಅದೇ ನಿಜವಾದ ಕಾರಣ ಅಂತ ಹೇಗೆ ಹೇಳೋದು?"

"ನಮ್ಮ ರಾಜಾಪಾರ್ಟಿನವನೂ ಹಾಗೇ" ಎಂದಳು ಅಕ್ಕ. ಮೂವರೂ ನಗುತ್ತಿರುವಾಗಲೇ ಯಜಮಾನರು ಬಾಗಿಲಲ್ಲಿ ಕಾಣಿಸಿಕೊಂಡರು. ನಗೆ ನಿಂತಿತು. ಗೂಡಣ್ಣ ಎದ್ದು ನಿಂತ. ಹುಡುಗಿ ಗೋಡೆಯ ಕಡೆಗೆ ತಿರುಗಿದಳು. ಯಾರೊಬ್ಬರೂ ಏನನ್ನೂ ಕೇಳುವ ಮೊದಲೇ ಅಕ್ಕ ಕುರ್ಚಿಯನ್ನು ತಿರುಗಿಸಿ ಕೂತಳು.

"ನೋಡಪ್ಪಾ, ನನಗೆ ಮರೆವು ಶುರುವಾಗಿ ಕೆಲವು ವರ್ಷ ಆಯ್ತು. ಇವನು ಕೆಮ್ಮಿ ಕೆಮ್ಮಿ ದಾಟಿಸಿದ. ಈಗ ಆ ಪೆಟ್ಟಿಗೆ ಕೆಮ್ಮತ್ತೆ. ಅದು ಕೆಮ್ಮಿದ್ರೆ ಆಡಬಲ್ಲೆ, ಕೆಮ್ಮದಿದ್ರೂ ಆಡಬಲ್ಲೆ ಅಂತ ಇವತ್ತು ಗೊತ್ತಾಯ್ತು. ಆದ್ರೆ ಗೂಡಿನಲ್ಲಿ ಯಾರೂ ಇಲ್ಲ ಅಂದ್ರೆ ಆಡಲಾರೆ. ಮುಚ್ಚಿಟ್ಟಿದ್ದು ಸಾಕು. ಇನ್ನು ನಿನ್ನಿಷ್ಟ. ಪಾರ್ಟು ಆ ಹುಡುಗಿಗೆ ಕೊಡೋದಾದ್ರೆ ಕೊಡು. ನಾನೇ ಸೀರೆ ಉಡಿಸಿ ಕಳಿಸ್ತೀನಿ."

ಯಜಮಾನರು ಬಾಗಿಲಿನ ಚೌಕಟ್ಟಿಗೆ ಒರಗಿ ಬಹಳ ಹೊತ್ತು ಗಡ್ಡ ಸವರಿಕೊಂಡರು. ಮಾತು ಎತ್ತಿಕೊಡಲು ಅಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

"ವೈರಮ್ಮಾ" ಎಂದರು ಕೊನೆಗೆ.

"ಏನ್ ಮಾವ?"

"ಆ ಕೆಮ್ಮು ಒಂಚೂರು ಮೆತ್ತಗಾಗ್ಬೇಕು. ಮೂರನೇ ಸಾಲಿನವರೆಗೂ ಕೇಳ್ತು." ಅವರು ಹೊರಡಲೆಂದು ತಿರುಗಿ, ಮತ್ತೆ ನಿಂತು, ಗೂಡಣ್ಣನ ಬಲಗಿವಿಗೆ ಬಾಯಿಟ್ಟು ಕೂಗಿದರು: "ಹಂಗಾಮು ಮುಗಿದ್ಮೇಲೂ ನೀನು ಅಲ್ಲೇ ಕೂರಬೇಕಯ್ಯಾ! ಮರಿ ಇನ್ನೂ ಚಿಕ್ಕದು!"

ಗೂಡಣ್ಣ ಉತ್ತರ ಕೊಡಲು ಬಾಯಿ ತೆರೆದ. ಗೂಡಿನಲ್ಲಿ ನುಂಗಿದ್ದ ಕೆಮ್ಮು ಆಗ ಹೊರಬಂತು. ಅಕ್ಕ ಕನ್ನಡಿಯ ಕಡೆಗೆ ತಿರುಗಿ, "ಸದ್ಯ, ಅಲ್ಲೇ ಇದಾನೆ" ಎಂದಳು.

ವಾಚಕ ಮಹಾಶಯರೇ, ಆ ಸಂಜೆ ಆ ಮೌನದೊಳಗೆ ಯೋಚಿಸಿದವರು ಯಾರೆಂಬುದನ್ನು ತಾವು ನಿರ್ಧರಿಸುತ್ತಿರಿ. ಮೂರನೆಯ ಸಾಲಿನಲ್ಲಿ ಕೂತಿದ್ದ ನನಗೆ ಕೆಮ್ಮು ಕೇಳಿದ್ದು ನಿಜ. ಕೆಮ್ಮದೆ ಇದ್ದುದು ಅದಕ್ಕಿಂತಲೂ ಚೆನ್ನಾಗಿ ಕೇಳಿತು. ನಾನು ತಂಗಿದ್ದ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಬೆಳಗಾಗಿದೆ. ಒಣಗಲು ಹಾಕಿದ್ದ ಅಂಗಿ ಒಣಗಿದೆ. ಅದನ್ನು ಮಡಚಿ, ಪುಟ ಕಿತ್ತುಬಂದ ಎರಡು ಕಾದಂಬರಿಗಳ ನಡುವೆ ಇಟ್ಟು, ಚೀಲದ ಬಾಯಿ ಬಿಗಿದಾಯಿತು. ಬೀಗದ ಕೈಯನ್ನು ಕೆಳಗಿನ ಮನೆಯಾಕೆಗೆ ಒಪ್ಪಿಸಿ, ಬಸ್ಸು ಯಾವ ಕಡೆಯದು ಮೊದಲು ಬರುವುದೋ ಆ ಕಡೆಗೆ ನನ್ನ ಪಯಣ.